ಚಾಕಿ ಮನೆ, ಸಸಿಮಡಿ ನಡೆಸುವ ರೈತರಿಗೆ ಬಾಯಿಮಾತಿನ ಗಿರಾಕಿ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಅನೇಕ ರೈತರು ಇಂದು ಬೆಳೆ ಬೆಳೆದು ಮಾರುವುದರ ಜೊತೆಗೆ ಇತರ ರೈತರಿಗೆ ಬೇಕಾದ ವಸ್ತುಗಳನ್ನು ಒದಗಿಸುವ ಸಣ್ಣ ಕಸುಬುಗಳನ್ನೂ ಕೈಗೊಂಡಿದ್ದಾರೆ. ರೇಷ್ಮೆ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿಕೊಡುವ ಚಾಕಿ ಕೇಂದ್ರ, ತರಕಾರಿಯ ಟ್ರೇ ಸಸಿ ಬೆಳೆಸುವ ಸಸಿಮಡಿ, ರಸಬಾಳೆಯ ಕಂದು ಮಾರಾಟ, ಬನ್ನೂರು ಕುರಿಯ ಮರಿ ಮಾರಾಟ ಇವೆಲ್ಲ ಈ ಬಗೆಯವು. ಇವುಗಳಿಗೆ ಬಂಡವಾಳ, ನೀರು, ತರಬೇತಿ ಎಷ್ಟು ಅಗತ್ಯವೋ ಗಿರಾಕಿಯೂ ಅಷ್ಟೇ ಅಗತ್ಯ. ಆದರೆ ಗಿರಾಕಿ ಹೇಗೆ ಬರುತ್ತಾನೆ, ಬಂದವನು ಏಕೆ ಬಿಟ್ಟುಹೋಗುತ್ತಾನೆ ಎಂಬುದನ್ನು ಕುಳಿತು ಯೋಚಿಸುವವರು ವಿರಳ.

ಇಂತಹ ಕಸುಬಿಗೆ ಬರುವ ಗಿರಾಕಿಗಳಲ್ಲಿ ಬಹುಪಾಲು ಮಂದಿ ಫಲಕ ನೋಡಿ ಬಂದವರಲ್ಲ. "ಅಣ್ಣ, ಈ ಸಲ ಹುಳ ಎಲ್ಲಿ ತಂದ್ರಿ?" ಎಂದು ಪಕ್ಕದ ಮನೆಯವರನ್ನೋ ಬೀಗರನ್ನೋ ಕೇಳಿ ಬಂದವರು. ಈ ಬಾಯಿಮಾತನ್ನು ಅದೃಷ್ಟವೆಂದು ತಿಳಿಯದೆ, ಬೆಳೆಯಂತೆ ಕ್ರಮವಾಗಿ ಬೆಳೆಸಿಕೊಳ್ಳುವುದು ಹೇಗೆ, ಅದನ್ನು ಕೆಡಿಸುವ ತಪ್ಪುಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಾಯಿಮಾತಿಗೆ ಏಕೆ ಇಷ್ಟು ಬೆಲೆ?

ಅಂಗಡಿಯಲ್ಲಿ ಬಟ್ಟೆ ಕೊಳ್ಳುವವನು ಅದನ್ನು ಮುಟ್ಟಿ ನೋಡಬಹುದು. ಚಾಕಿ ಹುಳುವನ್ನು ಕೊಳ್ಳುವವನಿಗೆ ಅದು ಸಾಧ್ಯವಿಲ್ಲ. ಎರಡನೇ ಜ್ವರದ ಹುಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಅದರೊಳಗೆ ಗಂಟುರೋಗವಿದ್ದರೆ ಸೂಕ್ಷ್ಮದರ್ಶಕವಿಲ್ಲದೆ ತಿಳಿಯದು. ಹಾಲುರೋಗದ ಸೋಂಕು ತಗುಲಿದ್ದರೆ ಅದು ಬೆಳಕಿಗೆ ಬರುವುದು ಬಹುತೇಕ ನಾಲ್ಕನೇ ಐದನೇ ಹಂತದಲ್ಲಿ, ಅಂದರೆ ತೋಟದ ಸೊಪ್ಪೆಲ್ಲ ಖರ್ಚಾಗಿ ಕೂಲಿಯೂ ಕೊಟ್ಟಾದ ಮೇಲೆ. ಟೊಮೇಟೊ ಸಸಿಯ ತಳಿ ಯಾವುದೆಂಬುದು ಕಾಯಿ ಬಿಟ್ಟ ಮೇಲೆ ತಿಳಿಯುತ್ತದೆ. ಬಾಳೆಯ ಕಂದಿನೊಡನೆ ಸೊರಗು ರೋಗ ಬಂದಿದೆಯೇ ಎಂಬುದು ತಿಂಗಳುಗಳು ಕಳೆದ ಮೇಲೆ ತಿಳಿಯುತ್ತದೆ.

ಹೀಗೆ ಕೊಳ್ಳುವಾಗ ಪರೀಕ್ಷಿಸಲಾಗದ ಸರಕನ್ನು ಜನರು ಮಾರುವವನ ಮೇಲಿನ ನಂಬಿಕೆಯಿಂದ ಕೊಳ್ಳುತ್ತಾರೆ. ಆ ನಂಬಿಕೆ ಹಿಂದೆ ಕೊಂಡವರ ಬಾಯಿಂದ ಬರುತ್ತದೆ. ಒಬ್ಬ ರೈತ ಇನ್ನೊಬ್ಬನಿಗೆ ನಿಮ್ಮ ಕೇಂದ್ರದ ಹೆಸರು ಹೇಳಿದಾಗ ತನ್ನ ಮರ್ಯಾದೆಯನ್ನೇ ನಿಮಗಾಗಿ ಅಡವಿಟ್ಟಂತೆ. ಬೆಳೆ ಕೆಟ್ಟರೆ ದೂರು ಮೊದಲು ಬರುವುದು ಅವನಿಗೆ, ಆಮೇಲೆ ನಿಮಗೆ.

ಈ ವಿಷಯವನ್ನು ಹೊರದೇಶಗಳಲ್ಲಿಯೂ ಅಧ್ಯಯನ ಮಾಡಿದ್ದಾರೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತೆಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜ ವಿಜ್ಞಾನಿಗಳು ಪರಿಶೀಲಿಸಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿಯನ್ನು ಬಹಳ ರೈತರಿಗೆ ಮೊದಲು ಮುಟ್ಟಿಸಿದವರು ಬೀಜದ ಮಾರಾಟಗಾರರು. ಆದರೆ ಬಿತ್ತಲು ಮನಸ್ಸು ಮಾಡಿಸಿದವರಲ್ಲಿ ನೆರೆಹೊರೆಯ ರೈತರೇ ಮುಖ್ಯರು ಎಂದು ಕಂಡುಬಂದಿತು. ಪ್ರಚಾರದಿಂದ ಹೆಸರು ತಿಳಿಯುತ್ತದೆ. ಕೊಳ್ಳುವ ತೀರ್ಮಾನವಾಗುವುದು ನೆರೆಯವನ ಮಾತಿನಿಂದ. ನಮ್ಮ ಹಳ್ಳಿಗಳಿಗೂ ಇದು ಅನ್ವಯಿಸುತ್ತದೆ.

ಒಂದು ಸರಳ ಲೆಕ್ಕ

ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಒಬ್ಬ ರೈತ ಒಂದು ಬೆಳೆಗೆ 150 ಮೊಟ್ಟೆಯ ಹುಳು ತೆಗೆದುಕೊಳ್ಳುತ್ತಾನೆ, ವರ್ಷಕ್ಕೆ 5 ಬೆಳೆ ಮಾಡುತ್ತಾನೆ ಎಂದುಕೊಂಡರೆ ಅವನೊಬ್ಬನಿಂದ ವರ್ಷಕ್ಕೆ 750 ಮೊಟ್ಟೆಯ ವ್ಯಾಪಾರ. ಅವನು ತನ್ನಂಥ ಇಬ್ಬರನ್ನು ಕರೆತಂದರೆ ಅದು 2,250 ಆಗುತ್ತದೆ. ಅವನೇ ಬೇಸರಗೊಂಡು ಆ ಇಬ್ಬರನ್ನೂ ಕರೆದುಕೊಂಡು ಹೊರಟುಹೋದರೆ ಅದೇ 2,250 ಮೊಟ್ಟೆ ಕಳೆದುಹೋಗುತ್ತದೆ. ಒಂದು ತಂಡದಲ್ಲಿ 5,000 ಮೊಟ್ಟೆ ಚಾಕಿ ಕಟ್ಟುವ ಕೇಂದ್ರಕ್ಕೆ ಇದು ಅರ್ಧ ತಂಡಕ್ಕೆ ಹತ್ತಿರದ ನಷ್ಟ. ಆದುದರಿಂದ ಹೊಸ ಗಿರಾಕಿಯನ್ನು ಹುಡುಕುವ ಮುನ್ನ ಇರುವ ಗಿರಾಕಿಯ ಬೆಳೆ ಏನಾಯಿತೆಂದು ವಿಚಾರಿಸುವುದು ಲಾಭದಾಯಕ.

ಮೊದಲ ಹೆಜ್ಜೆ: ಹೇಳಿಕೊಳ್ಳಲು ಅರ್ಹವಾದ ಕೆಲಸ

ಕೆಲಸ ಸರಿಯಿಲ್ಲದ ಕಸುಬಿಗೆ ಬಾಯಿಮಾತು ಶತ್ರುವಾಗುತ್ತದೆ. ಕೆಟ್ಟ ಸುದ್ದಿಯೂ ಅದೇ ದಾರಿಯಲ್ಲಿ ಹರಡುತ್ತದೆ. ಆದುದರಿಂದ ಕೆಳಗಿನ ಅಂಶಗಳನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಚಾಕಿ ಕೇಂದ್ರ: ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಹಾಗೂ ಶೇಕಡ 85ರಿಂದ 90 ತೇವಾಂಶ ಅಗತ್ಯ. ಮೊಟ್ಟೆಯನ್ನು ಸರ್ಕಾರಿ ಅಥವಾ ನೋಂದಾಯಿತ ಬಿತ್ತನೆ ಕೋಠಿಯಿಂದಲೇ ತರಬೇಕು. ಪ್ರತಿ ತಂಡದ ಮೊದಲು ಮತ್ತು ನಂತರ ಮನೆ, ಸಲಕರಣೆಗಳ ಸೋಂಕು ನಿವಾರಣೆ ತಪ್ಪಬಾರದು. ಚಾಕಿ ತೋಟ ಬೇರೆಯಾಗಿಯೇ ಇರಬೇಕು, ಪಕ್ಕದ ಹೊಲದ ಕೀಟನಾಶಕ ಅದರ ಮೇಲೆ ಬೀಳಬಾರದು. ಹುಳುವಿನ ಸಾಗಾಟವನ್ನು ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಮಾಡಬೇಕು. ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ತಿದ್ದುಪಡಿಯಾದ ಮೇಲೆ ಮಾರಾಟಕ್ಕಾಗಿ ಚಾಕಿ ಸಾಕುವವರಿಗೂ ನೋಂದಣಿಯ ವ್ಯವಸ್ಥೆ ಬಂದಿದೆ. ನೋಂದಣಿ ಪತ್ರವನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಿರಿ.

ಸಸಿಮಡಿ: 1966ರ ಬೀಜ ಕಾಯ್ದೆಯಲ್ಲಿ ನಾಟಿಗೆ ಬಳಸುವ ಸಸಿ, ಗೆಡ್ಡೆ, ಕಸಿಗಿಡಗಳನ್ನೂ ಬೀಜವೆಂದೇ ಪರಿಗಣಿಸಲಾಗಿದೆ. ಬೇಕಾದ ಪರವಾನಗಿಯ ಬಗೆಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಬೀಜದ ಖಾಲಿ ಪೊಟ್ಟಣವನ್ನು ಬಿಸಾಡದೆ ಲಾಟ್ ಸಂಖ್ಯೆಯೊಡನೆ ಇಟ್ಟುಕೊಳ್ಳಬೇಕು.

ರಸಬಾಳೆ ಕಂದು: ನಂಜನಗೂಡು ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಹೆಸರು ದೊಡ್ಡದಾದರೂ ಪನಾಮ ಸೊರಗು ರೋಗದಿಂದ ಈ ಬಾಳೆಯ ವಿಸ್ತೀರ್ಣ ಬಹಳವಾಗಿ ಕುಗ್ಗಿತು. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಹಲವಾರು ವರ್ಷ ಉಳಿಯುತ್ತದೆ ಮತ್ತು ಕಂದಿನ ಮೂಲಕ ತೋಟದಿಂದ ತೋಟಕ್ಕೆ ಹೋಗುತ್ತದೆ. ಆದುದರಿಂದ ಸೊರಗು ಕಂಡ ತೋಟದ ಕಂದನ್ನು ಎಷ್ಟೇ ಬೇಡಿಕೆ ಬಂದರೂ ಮಾರಬಾರದು. ಹೀಗೆ ಮಾರಿದರೆ ನಿಮ್ಮ ಹೆಸರು ಹೇಳಿದ ರೈತನ ಮಾತಿನ ಜೊತೆಯಲ್ಲೇ ರೋಗವೂ ಅವನ ನೆಂಟನ ಜಮೀನಿಗೆ ಹೋಗುತ್ತದೆ, ಆ ಜಮೀನು ಮುಂದೆ ಬಹುಕಾಲ ರಸಬಾಳೆಗೆ ಒದಗುವುದಿಲ್ಲ. ಅಂಗಾಂಶ ಕೃಷಿಯ ಗಿಡ ಮಾರುವವರೂ ಒಂದು ಮಾತು ಸ್ಪಷ್ಟಪಡಿಸಬೇಕು: ಒಳ್ಳೆಯ ಪ್ರಯೋಗಾಲಯದ ಗಿಡ ಬರುವಾಗ ರೋಗಮುಕ್ತವಾಗಿದ್ದರೂ ಸೋಂಕಿನ ಮಣ್ಣಿನಲ್ಲಿ ನೆಟ್ಟರೆ ಅದಕ್ಕೂ ಸೊರಗು ಬರುತ್ತದೆ.

ಬನ್ನೂರು ಕುರಿ: ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರು ಹೊತ್ತ, ಮಂಡ್ಯ ತಳಿಯೆಂದೂ ಕರೆಯುವ ಈ ಕುರಿಯು ಮಾಂಸದ ಗುಣಕ್ಕೆ ಹೆಸರಾಗಿದೆ. ದೂರದಿಂದ ಹುಡುಕಿಕೊಂಡು ಬರುವವರಿಗೆ ಮಿಶ್ರ ತಳಿಯನ್ನು ಶುದ್ಧ ತಳಿಯೆಂದು ಕೊಡಬಾರದು. ಮಿಶ್ರವಾದರೆ ಮಿಶ್ರವೆಂದೇ ಹೇಳಿ ಅದರ ಬೆಲೆಗೆ ಮಾರಿರಿ. ಕರುಳುಬೇನೆ ಹಾಗೂ ಪಿ.ಪಿ.ಆರ್. ಲಸಿಕೆ ಹಾಕಿಸಿದ ದಿನಾಂಕವನ್ನು ಬರೆದುಕೊಡಿರಿ.

ಯಾರ ಪರಿಚಯ ಬೇಕು?

ಸಾಮಾನ್ಯವಾಗಿ ಕಸುಬು ಆರಂಭಿಸಿದವರು ತಮ್ಮ ಕೇರಿ, ತಮ್ಮ ನೆಂಟರು, ತಮ್ಮ ಕುಲದವರು ಇಷ್ಟರಲ್ಲೇ ನಿಲ್ಲುತ್ತಾರೆ. ಮೊದಲ ಹತ್ತು ಗಿರಾಕಿಗಳಿಗೆ ಇದು ಸಾಕು. ಅನಂತರ ಸಾಲದು. ಹತ್ತಿರದವರೆಲ್ಲ ಒಬ್ಬರಿಗೊಬ್ಬರು ತಿಳಿದವರೇ ಆದುದರಿಂದ ಅವರ ಬಳಿ ಇರುವ ಸುದ್ದಿಯೂ ಒಂದೇ. ಅಮೆರಿಕದ ಸಮಾಜ ವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ವಿವರಿಸಿದರು. ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ ಹೆಚ್ಚಿನವರಿಗೆ ಆ ಸುದ್ದಿ ಬಂದದ್ದು ದಿನವೂ ಕಾಣುವ ಆಪ್ತರಿಂದಲ್ಲ, ಅಪರೂಪಕ್ಕೆ ಕಾಣುವ ಪರಿಚಿತರಿಂದ. ಬೇರೆ ಹೋಬಳಿಯ ಒಬ್ಬ ಪರಿಚಿತ ನಿಮ್ಮನ್ನು ಒಂದು ಹೊಸ ಊರಿಗೇ ಪರಿಚಯಿಸಬಲ್ಲ. ಕೆಳಗಿನವರ ಪರಿಚಯವನ್ನು ಬೆಳೆಸಿಕೊಳ್ಳುವುದು ಒಳ್ಳೆಯದು.

1. ಪ್ರತಿ ಹಳ್ಳಿಯಲ್ಲಿ ಇತರರು ಸಲಹೆ ಕೇಳುವ ಒಬ್ಬಿಬ್ಬರು ರೈತರು. ಇವರು ಅಧ್ಯಕ್ಷರೋ ಸದಸ್ಯರೋ ಆಗಿರಬೇಕಿಲ್ಲ. ಬೆಳೆ ಚೆನ್ನಾಗಿ ಮಾಡುವವರು, ಕೇಳಿದವರಿಗೆ ಇದ್ದದ್ದನ್ನು ಹೇಳುವವರು ಆಗಿದ್ದರೆ ಸಾಕು.

2. ಕಸುಬಿನ ಸರಪಣಿಯಲ್ಲಿ ನಿಮಗಿಂತ ಹಿಂದೆ ಮತ್ತು ಮುಂದೆ ಇರುವವರು. ಚಾಕಿಯವರಿಗೆ ಬಿತ್ತನೆ ಕೋಠಿ ಹಿಂದೆ, ಗೂಡಿನ ಮಾರುಕಟ್ಟೆ ಮುಂದೆ. ಒಳ್ಳೆಯ ಗೂಡು ಕಂಡ ನೂಲು ಬಿಚ್ಚಾಣಿಕೆದಾರ "ಹುಳು ಎಲ್ಲಿಯದು?" ಎಂದು ಕೇಳಿಯೇ ಕೇಳುತ್ತಾನೆ. ಮಾರುಕಟ್ಟೆಗೆ ಆಗಾಗ ಹೋಗಿ ನಿಮ್ಮ ಹುಳುವಿನ ಗೂಡು ಹೇಗಿದೆಯೆಂದು ನೋಡುವುದು ಪರಿಚಯಕ್ಕೂ ಪಾಠಕ್ಕೂ ಒದಗುತ್ತದೆ.

3. ಒಂದೇ ರೈತನಿಗೆ ಬೇರೆ ಸೇವೆ ಒದಗಿಸುವವರು. ಗೊಬ್ಬರದ ಅಂಗಡಿಯವರು, ಹನಿ ನೀರಾವರಿ ಕೂಡಿಸುವವರು, ಚಂದ್ರಿಕೆ ಬಾಡಿಗೆಗೆ ಕೊಡುವವರು, ಸರಕು ಸಾಗಿಸುವ ಆಟೋದವರು. ಇವರು ನಿಮಗೆ ಸ್ಪರ್ಧಿಗಳಲ್ಲ. ಅವರ ಕೆಲಸ ಚೆನ್ನಾಗಿದ್ದರೆ ನೀವೂ ಅವರ ಹೆಸರು ಹೇಳಿರಿ.

4. ಹಾಲು ಉತ್ಪಾದಕರ ಸಂಘ, ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿ, ಸ್ವಸಹಾಯ ಸಂಘಗಳು. ಸಭೆಯಲ್ಲಿ ಎದ್ದುನಿಂತು ನಿಮ್ಮ ಸರಕನ್ನು ಹೊಗಳುವ ಬದಲು ಸೋಂಕು ನಿವಾರಣೆ ಹೇಗೆ, ಸಸಿಯನ್ನು ನಾಟಿಗೆ ಮೊದಲು ಹೇಗೆ ಹದಗೊಳಿಸಬೇಕು ಎಂಬಂಥ ಉಪಯೋಗದ ಮಾತು ಹೇಳಿರಿ.

5. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರ, ರೈತ ಸಂಪರ್ಕ ಕೇಂದ್ರ, ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಅಧಿಕಾರಿಗಳಿಂದ ಶಿಫಾರಸು ಕೇಳಬಾರದು, ಅದು ಅವರಿಗೂ ಮುಜುಗರ. ತರಬೇತಿಗೆ ಹೋಗಿರಿ, ನಿಮ್ಮ ಘಟಕವನ್ನು ಇತರ ರೈತರಿಗೆ ತೋರಿಸಲು ಒಪ್ಪಿರಿ. ಕ್ಷೇತ್ರ ಭೇಟಿಗೆ ಬಂದ ರೈತರು ತಾವೇ ನೋಡಿ ತೀರ್ಮಾನಿಸಲಿ.

ಜಾತ್ರೆಗಳನ್ನೂ ಮರೆಯಬಾರದು. ಸುತ್ತೂರು ಜಾತ್ರೆಯಲ್ಲಿ ಕೃಷಿ ಮೇಳ ನಡೆಯುತ್ತದೆ. ಮುಡುಕುತೊರೆಯ ಜಾತ್ರೆ ದನಗಳಿಗೆ ಹೆಸರಾದದ್ದು. ನಂಜನಗೂಡಿನ ದೊಡ್ಡ ಜಾತ್ರೆಗೆ ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಇಂತಹ ಕಡೆ ನೂರು ಜನರಿಗೆ ಚೀಟಿ ಹಂಚುವುದಕ್ಕಿಂತ ಐದು ಜನರೊಡನೆ ಕುಳಿತು ಅವರ ತೋಟ, ನೀರು, ಕಷ್ಟ ಕೇಳಿಕೊಂಡು ಬರುವುದು ಮೇಲು.

ಮನೆಯ ಹೆಂಗಸರ ಮಾತು

ರೇಷ್ಮೆ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವವರು, ಹಿಕ್ಕೆ ತೆಗೆಯುವವರು, ಸೊರಗಿದ ಹುಳುವನ್ನು ಮೊದಲು ಕಾಣುವವರು ಬಹುತೇಕ ಮನೆಯ ಹೆಂಗಸರು. ಹುಳು ಒಂದೇ ಸಮ ಎದ್ದಿತೇ, ಸೊಪ್ಪು ಚುರುಕಾಗಿ ತಿಂದಿತೇ ಎಂಬುದನ್ನು ಸರಿಯಾಗಿ ಹೇಳಬಲ್ಲವರು ಅವರೇ. ಆದರೆ ಕೇಂದ್ರ ನಡೆಸುವವರು ಯಜಮಾನರನ್ನು ಮಾತ್ರ ವಿಚಾರಿಸಿ ಬರುವುದು ರೂಢಿಯಾಗಿದೆ. ಮುಂದಿನ ಸಲ ಯಾವ ಕೇಂದ್ರದ ಹುಳು ತರಬೇಕೆಂಬ ತೀರ್ಮಾನ ಅನೇಕ ಮನೆಗಳಲ್ಲಿ ಒಳಗೇ ಆಗುತ್ತದೆ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಆ ಮಾತು ಇನ್ನೂ ಹತ್ತು ಮನೆಗೆ ತಲುಪುತ್ತದೆ. ಹುಳು ಕೊಡುವಾಗ "ಅಕ್ಕ, ಹೋದ ಸಲದ ಹುಳು ಹೇಗಿತ್ತು? ಏನಾದರೂ ವ್ಯತ್ಯಾಸ ಕಂಡಿತೇ?" ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿರಿ.

ಯಾವಾಗ ಕೇಳಬೇಕು, ಹೇಗೆ ಕೇಳಬೇಕು?

ಫಲ ಕೈಗೆ ಬಂದ ಮೇಲೆ ಕೇಳಬೇಕು. ಕಸುಬಿಗೆ ತಕ್ಕಂತೆ ಈ ಕಾಲ ಬೇರೆಬೇರೆ. ಚಾಕಿ ಹುಳುವಾದರೆ ಕೊಟ್ಟ ಮೂರು ನಾಲ್ಕು ವಾರಕ್ಕೆ ಗೂಡು ಮಾರುಕಟ್ಟೆ ಸೇರುತ್ತದೆ. ಟೊಮೇಟೊ ಸಸಿಯಾದರೆ ಎರಡು ತಿಂಗಳಿಗೂ ಹೆಚ್ಚು ಬೇಕು. ಕುರಿಯಾದರೆ ತಂದ ಹೆಣ್ಣುಮರಿ ಬೆಳೆದು ಈಯುವವರೆಗೆ ಕಾಯಬೇಕು. ಬಾಳೆಗೆ ಒಂದು ವರ್ಷಕ್ಕೂ ಮೇಲೆ. ಹೀಗಾಗಿ ಬಾಳೆ ಕಂದಿನವರು ಚಾಕಿಯವರಷ್ಟು ಬೇಗ ಗಿರಾಕಿ ಬೆಳೆಯುವುದೆಂದು ಎಣಿಸಿ ಸಾಲ ಮಾಡಬಾರದು.

ಕೇಳುವ ಮಾತು ಖಚಿತವಾಗಿರಬೇಕು. "ಯಾರಿಗಾದರೂ ಹೇಳಿ" ಎಂದರೆ ಯಾರಿಗೂ ಹೇಳಲಾಗುವುದಿಲ್ಲ. "ಅಣ್ಣ, ನಿಮ್ಮ ಬೀಗರ ಊರಿನಲ್ಲಿ ಹೊಸದಾಗಿ ಹಿಪ್ಪುನೇರಳೆ ಹಾಕಿದವರಿದ್ದರೆ ತಿಳಿಸಿ, ಮುಂದಿನ ತಿಂಗಳ ಎರಡನೇ ತಂಡದಲ್ಲಿ 300 ಮೊಟ್ಟೆಗೆ ಜಾಗವಿದೆ" ಎಂದರೆ ಅವರ ಮನಸ್ಸಿಗೆ ಒಂದು ಮುಖ ಹೊಳೆಯುತ್ತದೆ. ಜೊತೆಗೆ ಎಂಥವರು ಬೇಡವೆಂಬುದನ್ನೂ ಹೇಳಿರಿ. ಹುಳುಮನೆ ಇಲ್ಲದವರಿಗೆ, ನೀರಿಲ್ಲದೆ ಸೊಪ್ಪು ಸಾಲದವರಿಗೆ ಹುಳು ಕೊಟ್ಟರೆ ಬೆಳೆ ಕೆಟ್ಟು ಮೂವರ ಹೆಸರೂ ಹೋಗುತ್ತದೆ.

ಹೊಸಬರು ಬಂದಾಗ "ಯಾರು ಹೇಳಿ ಕಳಿಸಿದರು?" ಎಂದು ಕೇಳಿ ಪುಸ್ತಕದಲ್ಲಿ ಬರೆಯಿರಿ. ಹೇಳಿದವರಿಗೆ ಆ ದಿನವೇ ಫೋನು ಮಾಡಿ "ನೀವು ಹೇಳಿದವರು ಬಂದಿದ್ದರು" ಎಂದು ತಿಳಿಸಿರಿ. ಬೆಳೆ ಮುಗಿದ ಮೇಲೆ ಫಲಿತಾಂಶವನ್ನೂ ತಿಳಿಸಿರಿ. ಇದಕ್ಕೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ದಾಖಲೆ ಚೀಟಿ

ಹುಳು ಅಥವಾ ಸಸಿಯ ಜೊತೆ ಒಂದು ಚೀಟಿ ಕೊಡುವ ಪದ್ಧತಿ ಇಟ್ಟುಕೊಳ್ಳಬೇಕು. ಚಾಕಿಯ ಚೀಟಿಯಲ್ಲಿ ತಳಿ, ಬಿತ್ತನೆ ಕೋಠಿಯ ಹೆಸರು, ಲಾಟ್ ಸಂಖ್ಯೆ, ಮೊಟ್ಟೆ ಒಡೆದ ದಿನ, ಕೊಟ್ಟ ದಿನ ಮತ್ತು ಹೊತ್ತು, ಮೊಟ್ಟೆಯ ಲೆಕ್ಕ, ದರ ಇವು ಇರಲಿ. ಕೆಳಗೆ ಒಂದು ಸಾಲು ಖಾಲಿ ಬಿಡಿರಿ: 100 ಮೊಟ್ಟೆಗೆ ಬಂದ ಗೂಡು ಎಷ್ಟು ಕಿಲೋ? ಬೆಳೆ ಮುಗಿದ ಮೇಲೆ ಆ ಸಾಲನ್ನು ತುಂಬಿಸಿ ನಿಮ್ಮ ಪುಸ್ತಕಕ್ಕೆ ಏರಿಸಿರಿ. ಎರಡು ವರ್ಷ ಹೀಗೆ ಮಾಡಿದ ಕೇಂದ್ರಕ್ಕೆ ಹೊಗಳಿಕೆಯ ಮಾತೇ ಬೇಕಾಗದು. ಪುಸ್ತಕವನ್ನು ತೆರೆದು ತೋರಿಸಿದರೆ ಸಾಕು. ಕೆಟ್ಟ ಬೆಳೆಯ ಸಾಲನ್ನು ಹೊಡೆದುಹಾಕಬಾರದು. ಎಲ್ಲವೂ ಚೆನ್ನಾಗಿಯೇ ಇರುವ ಪುಸ್ತಕವನ್ನು ರೈತ ನಂಬುವುದಿಲ್ಲ.

ದೂರು ಬಂದಾಗ

ಬೆಳೆ ಕೆಟ್ಟ ಸುದ್ದಿ ಬಂದ ದಿನ ಫೋನು ಎತ್ತದಿರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಂದೇ ಹೋಗಬೇಕು. ಹೋಗಿ ತಪ್ಪು ಯಾರದೆಂದು ವಾದಿಸದೆ ಮೊದಲು ಹುಳುವನ್ನು ನೋಡಬೇಕು.

ಕಾರಣ ಹುಡುಕುವಲ್ಲಿ ದಾಖಲೆ ಚೀಟಿ ನೆರವಾಗುತ್ತದೆ. ಅದೇ ಲಾಟಿನ ಹುಳುವನ್ನು 30 ಮಂದಿ ಪಡೆದಿದ್ದು, 29 ಮಂದಿಯ ಬೆಳೆ ಚೆನ್ನಾಗಿದ್ದರೆ ಕಾರಣ ಆ ಒಂದು ಮನೆಯಲ್ಲೋ ತೋಟದಲ್ಲೋ ಇರುವ ಸಂಭವ ಹೆಚ್ಚು. ಸೋಂಕು ನಿವಾರಣೆ ಆಗಿಲ್ಲದಿರಬಹುದು, ಪಕ್ಕದ ತರಕಾರಿ ಹೊಲಕ್ಕೆ ಹೊಡೆದ ಔಷಧಿ ಸೊಪ್ಪಿಗೆ ಬಿದ್ದಿರಬಹುದು, ಸೊಪ್ಪು ಒದ್ದೆಯಿದ್ದಿರಬಹುದು. ಹಲವರ ಮನೆಯಲ್ಲಿ ಒಂದೇ ಲಕ್ಷಣ ಕಂಡರೆ ಕಾರಣ ಚಾಕಿ ಮನೆಯಲ್ಲಿ ಅಥವಾ ಮೊಟ್ಟೆಯಲ್ಲಿರಬಹುದು. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕ ಬರುವ ರೋಗವಾದುದರಿಂದ ಅನುಮಾನ ಬಂದ ಕೂಡಲೇ ಹುಳುವಿನ ಮಾದರಿಯನ್ನು ರೇಷ್ಮೆ ಇಲಾಖೆಯ ಮೂಲಕ ಪರೀಕ್ಷೆಗೆ ಕಳುಹಿಸಬೇಕು. ಆ ಲಾಟು ಪಡೆದ ಉಳಿದ ರೈತರಿಗೂ ಅಂದೇ ಎಚ್ಚರಿಕೆ ಹೇಳಬೇಕು. ಇದರಿಂದ ಹೆಸರು ಕೆಡುವುದೆಂಬ ಭಯ ಬೇಡ. ಮುಚ್ಚಿಟ್ಟ ವಿಷಯ ಹೇಗೂ ಹೊರಬೀಳುತ್ತದೆ, ಆಗ ಕೆಡುವ ಹೆಸರು ಮತ್ತೆ ಸರಿಯಾಗದು.

ತಪ್ಪು ನಿಮ್ಮದೆಂದು ತೋರಿದರೆ ಹುಳುವಿನ ಹಣ ಹಿಂತಿರುಗಿಸುವುದೋ, ಮುಂದಿನ ತಂಡದಲ್ಲಿ ಹುಳು ಕೊಡುವುದೋ ಎಂಬುದನ್ನು ಮೊದಲೇ ನಿಯಮವಾಗಿ ಚೀಟಿಯ ಹಿಂದೆ ಅಚ್ಚುಹಾಕಿಸಿರಿ. ಜೊತೆಗೆ, ಆ ರೈತನನ್ನು ನಿಮ್ಮಲ್ಲಿಗೆ ಕಳಿಸಿದವರ ಮನೆಗೂ ಹೋಗಿ ವಿಷಯ ತಿಳಿಸಿರಿ. ಅವರ ಮಾತು ಸುಳ್ಳಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಶಕ್ತಿ ಮೀರಿ ಒಪ್ಪಿಕೊಳ್ಳುವುದು: ಹೆಸರು ಬಂದೊಡನೆ ಗಿರಾಕಿ ಹೆಚ್ಚುತ್ತಾರೆ. ಇರುವ ಜಾಗ, ಇರುವ ಸೊಪ್ಪಿನಲ್ಲೇ ಹೆಚ್ಚು ಮೊಟ್ಟೆ ಕಟ್ಟಿದರೆ ಹುಳು ಒತ್ತಾಗಿ, ಹೊಟ್ಟೆಗೆ ಸಾಲದೆ, ಸಮನಾಗಿ ಬೆಳೆಯುವುದಿಲ್ಲ. ಅನೇಕ ಕೇಂದ್ರಗಳು ಕೆಡುವುದು ಗಿರಾಕಿ ಇಲ್ಲದಾಗ ಅಲ್ಲ, ಗಿರಾಕಿ ನುಗ್ಗಿದಾಗ. "ಈ ತಂಡ ತುಂಬಿದೆ, ಮುಂದಿನದಕ್ಕೆ ಹೆಸರು ಬರೆಯುತ್ತೇನೆ" ಎನ್ನಲು ಹಿಂಜರಿಯಬಾರದು.

2. ಬೇರೆಯವರ ಸರಕನ್ನು ನಿಮ್ಮ ಹೆಸರಿನಲ್ಲಿ ಮಾರುವುದು: ಸಾಲದೆ ಬಂದಾಗ ಇನ್ನೊಂದು ಕಡೆಯಿಂದ ಹುಳುವನ್ನೋ ಸಸಿಯನ್ನೋ ತಂದು ಕೊಡುವುದುಂಟು. ಆ ಮನೆಯ ತಪ್ಪು ಆಗ ನಿಮ್ಮ ತಲೆಗೆ ಬರುತ್ತದೆ. ಕೊಡಲೇಬೇಕಾದರೆ ಎಲ್ಲಿಂದ ತಂದದ್ದೆಂದು ಹೇಳಿಯೇ ಕೊಡಿರಿ.

3. ಇಳುವರಿಯ ಭರವಸೆ ಕೊಡುವುದು: 100 ಮೊಟ್ಟೆಗೆ ಇಷ್ಟು ಕಿಲೋ ಖಂಡಿತ ಎಂದು ಮಾತು ಕೊಡಬಾರದು. ಹುಳು ನಿಮ್ಮ ಕೈ ಬಿಟ್ಟ ಮೇಲೆ ಸೊಪ್ಪು, ಹವೆ, ಊಜಿ ನೊಣ, ಹುಳುಮನೆಯ ಶುಚಿ ಎಲ್ಲವೂ ಫಲವನ್ನು ತೀರ್ಮಾನಿಸುತ್ತವೆ. ನಿಮ್ಮ ಕೈಯಲ್ಲಿರುವುದಕ್ಕೆ ಮಾತ್ರ ಮಾತು ಕೊಡಿರಿ.

4. ಗುಟ್ಟಾಗಿ ಕಮಿಷನ್ ಕೊಡುವುದು: ಗಿರಾಕಿ ತಂದವರಿಗೆ ಮೊಟ್ಟೆಗೆ ಇಷ್ಟೆಂದು ಹಣ ಕೊಟ್ಟರೆ ಕೆಲವು ತಿಂಗಳು ಜನ ಬರುತ್ತಾರೆ. ವಿಷಯ ತಿಳಿದ ದಿನ ಆ ವ್ಯಕ್ತಿಯ ಮಾತಿಗೆ ಬೆಲೆ ಹೋಗುತ್ತದೆ. ಅವನೂ ಹಣಕ್ಕಾಗಿ ಯೋಗ್ಯರಲ್ಲದವರನ್ನು ಕರೆತರುತ್ತಾನೆ. ಉಪಕಾರ ತೀರಿಸಲು ಮೊದಲ ತಂಡದಲ್ಲಿ ಹುಳು ಕಾದಿರಿಸುವುದು, ಸೋಂಕು ನಿವಾರಣೆಗೆ ನೆರವಾಗುವುದು ಲೇಸು. ದಲ್ಲಾಳಿಯ ಮೂಲಕವೇ ವ್ಯವಹಾರವಾದರೆ ಅದು ಎಲ್ಲರಿಗೂ ತಿಳಿದಿರಲಿ.

5. ಒಬ್ಬರನ್ನೇ ನಂಬುವುದು: ಎಲ್ಲ ಗಿರಾಕಿಗಳೂ ಒಬ್ಬ ಮುಖಂಡನ ಮೂಲಕ ಬಂದಿದ್ದರೆ ಅವನ ಒಂದು ಮುನಿಸಿಗೆ ಕೇಂದ್ರ ಖಾಲಿಯಾಗುತ್ತದೆ. ಕನಿಷ್ಠ ನಾಲ್ಕೈದು ಊರುಗಳಲ್ಲಿ ಬೇರೆಬೇರೆಯವರ ಪರಿಚಯವಿರಲಿ.

6. ದಾಕ್ಷಿಣ್ಯಕ್ಕೆ ಸಾಲ, ಮುಖ ನೋಡಿ ದರ: "ನಮ್ಮವರು ಕಳಿಸಿದವರು" ಎಂದು ಒಬ್ಬರಿಗೆ ಸಾಲ, ಇನ್ನೊಬ್ಬರಿಗೆ ನಗದು, ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಹೆಚ್ಚು. ಹಳ್ಳಿಯಲ್ಲಿ ದರ ಗುಟ್ಟಾಗಿ ಉಳಿಯುವುದಿಲ್ಲ. ದರ ಎಲ್ಲರಿಗೂ ಒಂದೇ ಇರಲಿ. ಸಾಲ ಕೊಡುವುದಾದರೆ ಗೂಡು ಮಾರಿದ ದಿನ ತೀರಿಸುವಂತೆ ಬರವಣಿಗೆಯಲ್ಲಿರಲಿ. ಬಾಕಿ ಉಳಿಸಿಕೊಂಡವನು ಎದುರು ಸಿಗಲು ನಾಚಿ ಬೇರೆ ಕೇಂದ್ರಕ್ಕೆ ಹೋಗುತ್ತಾನೆ, ಹೋಗುವಾಗ ಕಾರಣವಾಗಿ ನಿಮ್ಮ ಹುಳುವನ್ನೇ ದೂರುತ್ತಾನೆ.

7. ಇನ್ನೊಂದು ಕೇಂದ್ರವನ್ನು ಹಳಿಯುವುದು: ಕೇಳಿದವರಿಗೆ ನಿಮ್ಮ ಕ್ರಮವನ್ನು ವಿವರಿಸಿರಿ. ಪಕ್ಕದವರ ವಿಷಯ ಬೇಡ. ಮೊಟ್ಟೆ ಬಾರದ ತಂಡದಲ್ಲಿ, ವಿದ್ಯುತ್ತು ಹೋದ ದಿನದಲ್ಲಿ ನೆರವಿಗೆ ಬರುವವರು ಅದೇ ಪಕ್ಕದ ಕೇಂದ್ರದವರು.

8. ವಾಟ್ಸಾಪಿನಲ್ಲಿ ದಿನವೂ ಚಿತ್ರ ಕಳಿಸುವುದು: ಊರಿನ ಗುಂಪುಗಳಿಗೆ ಪ್ರತಿದಿನ ಜಾಹೀರಾತು ಹಾಕಿದರೆ ಯಾರೂ ಓದುವುದಿಲ್ಲ. ತಂಡದ ದಿನಾಂಕ, ಉಳಿದ ಜಾಗ, ಆ ವಾರದ ಹವೆಗೆ ತಕ್ಕ ಒಂದು ಸಲಹೆ ಇಷ್ಟನ್ನು ವಾರಕ್ಕೊಮ್ಮೆ ತಿಳಿಸಿದರೆ ಸಾಕು. ಗಿರಾಕಿಯ ಬೆಳೆಯ ಚಿತ್ರ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು.

9. ಹಳೆಯ ಗಿರಾಕಿಯನ್ನು ಮರೆಯುವುದು: ಹೊಸಬರಿಗೆ ಮೊದಲು ಕೊಟ್ಟು ಹಳಬರನ್ನು ಕಾಯಿಸುವುದರಿಂದ ಬೇರನ್ನು ಕಡಿದು ಕೊಂಬೆಗೆ ನೀರು ಹಾಕಿದಂತಾಗುತ್ತದೆ.

ಆರಂಭಿಸುವ ಕ್ರಮ

ಮುಂದಿನ ತಂಡದಿಂದಲೇ ಇದನ್ನು ಜಾರಿಗೆ ತರಬಹುದು. ಮೊದಲ ತಂಡದಲ್ಲಿ ದಾಖಲೆ ಚೀಟಿ ಕೊಡಲು ಆರಂಭಿಸಿರಿ. ಎರಡನೆಯದರಲ್ಲಿ ಪ್ರತಿ ಗಿರಾಕಿಯ ಇಳುವರಿ ವಿಚಾರಿಸಿ ಪುಸ್ತಕಕ್ಕೆ ಬರೆಯಿರಿ. ಮೂರನೆಯದರಲ್ಲಿ ಒಳ್ಳೆಯ ಬೆಳೆ ತೆಗೆದ ಐದು ಮನೆಗಳಿಗೆ ಹೋಗಿ, ಮನೆಯವರೆಲ್ಲರೊಡನೆ ಮಾತನಾಡಿ, ತಲಾ ಒಬ್ಬರ ಹೆಸರು ಕೇಳಿರಿ. ಆ ಐವರಲ್ಲಿ ಇಬ್ಬರು ಬಂದರೂ ಆರಂಭ ಚೆನ್ನಾಗಿದೆಯೆಂದೇ ತಿಳಿಯಬೇಕು. ಕೆಟ್ಟ ಬೆಳೆ ತೆಗೆದ ಮನೆಗಳಿಗೂ ತಪ್ಪದೆ ಹೋಗಿರಿ. ಅಲ್ಲಿ ಹೆಸರು ಕೇಳುವುದು ಬೇಡ, ಕಾರಣ ಕೇಳಿರಿ. ಆ ಕಾರಣವನ್ನು ಸರಿಪಡಿಸಿದ ಮೇಲೆ ಅವರು ಇನ್ನೊಂದು ಬೆಳೆಗೆ ನಿಮ್ಮಲ್ಲಿಗೇ ಬಂದರೆ, ಊರಿನಲ್ಲಿ ಅವರ ಮಾತಿಗೆ ಬೇರೆಲ್ಲರ ಮಾತಿಗಿಂತ ಹೆಚ್ಚು ತೂಕವಿರುತ್ತದೆ.